ನ್ಯೂಯಾರ್ಕಿನ ಹಿಮಗಾಲ: ಬೆಚ್ಚಗಿನ ಮನೆ ನಿಮ್ಮ ಹಕ್ಕು

ಓದಲೆಂದೋ ದುಡಿಯಲೆಂದೋ ನ್ಯೂಯಾರ್ಕ್ ರಾಜ್ಯಕ್ಕೆ ಹೋಗಿ ಬಾಡಿಗೆ ಮನೆಯಲ್ಲಿರುವ ಕನ್ನಡಿಗರು ಹೀಟರ್ ಕೈಕೊಟ್ಟಾಗ ಸಾಮಾನ್ಯವಾಗಿ ಹೇಳುವ ಮಾತು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳೋಣ, ಓನರ್ ಜೊತೆ ಜಗಳ ಯಾಕೆ?" ಈ ಸಂಕೋಚ ಅಪಾಯಕಾರಿ. 2022ರ ಡಿಸೆಂಬರ್‌ನಲ್ಲಿ ಬಫಲೋ ನಗರ ಮತ್ತು ಸುತ್ತಲಿನ ಈರಿ ಕೌಂಟಿಯಲ್ಲಿ ಹಿಮಬಿರುಗಾಳಿಗೆ 40ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ಕೆಲವರು ಸತ್ತದ್ದು ಬೀದಿಯಲ್ಲಲ್ಲ, ಬಿಸಿಯಿಲ್ಲದ ತಮ್ಮ ಮನೆಯೊಳಗೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದು ಮಾಲೀಕರ ಔದಾರ್ಯವಲ್ಲ, ಕಾನೂನು ಹೊರಿಸಿದ ಹೊಣೆ. ಕೇಳಿ ಪಡೆಯುವ ದಾರಿ ನಮಗೆ ಗೊತ್ತಿರಬೇಕು.

ಮನೆಯೊಳಗೆ ಎಷ್ಟು ಬಿಸಿ ಇರಬೇಕು?

ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ 'ಹೀಟ್ ಸೀಸನ್'. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗಿನ ತಾಪಮಾನ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಒಳಗೆ ಕನಿಷ್ಠ 68 ಡಿಗ್ರಿ (ಸುಮಾರು 20 ಸೆಲ್ಸಿಯಸ್) ಇರಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ ಕನಿಷ್ಠ 62 ಡಿಗ್ರಿ ಇರಲೇಬೇಕು. ಬಿಸಿನೀರು ವರ್ಷವಿಡೀ ಬರಬೇಕು. ನಗರದ ಹೊರಗಿರುವವರು ತಮ್ಮ ಊರಿನ ವಸತಿ ನಿಯಮವನ್ನು ಸ್ಥಳೀಯ ಕಟ್ಟಡ ಇಲಾಖೆಯಲ್ಲಿ ಕೇಳಿ ತಿಳಿಯಬಹುದು.

ಬಿಸಿ ಬಾರದಿದ್ದರೆ ಹೀಗೆ ಮಾಡಿ:

1. ಮಾಲೀಕರಿಗೆ ಇಮೇಲ್ ಅಥವಾ ಮೆಸೇಜ್ ಮೂಲಕ ತಿಳಿಸಿ. ಬಾಯಿಮಾತಿನ ದೂರಿಗೆ ಸಾಕ್ಷಿ ಇರುವುದಿಲ್ಲ.
2. ಕೋಣೆಯಲ್ಲಿ ಥರ್ಮಾಮೀಟರ್ ಇಟ್ಟು, ದಿನಾಂಕ ಮತ್ತು ವೇಳೆಯೊಂದಿಗೆ ತಾಪಮಾನ ಬರೆದಿಡಿ. ಫೋಟೊ ತೆಗೆದಿಡಿ.
3. ಸರಿಹೋಗದಿದ್ದರೆ ನ್ಯೂಯಾರ್ಕ್ ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ನಗರದ ವಸತಿ ಇಲಾಖೆ ಮಾಲೀಕರನ್ನು ಸಂಪರ್ಕಿಸುತ್ತದೆ, ಇನ್ಸ್‌ಪೆಕ್ಟರನ್ನೂ ಕಳಿಸಬಹುದು.
4. ಅದಕ್ಕೂ ಮಣಿಯದಿದ್ದರೆ ರಿಪೇರಿಗೆ ಆದೇಶ ಕೋರಿ ಹೌಸಿಂಗ್ ಕೋರ್ಟಿನಲ್ಲಿ ಅರ್ಜಿ ಹಾಕಬಹುದು.

ವೀಸಾದ ಮೇಲೆ ಇರುವವರಿಗೆ ಒಂದು ಮಾತು. 311ಕ್ಕೆ ದೂರು ಕೊಡಲು ನಿಮ್ಮ ವಲಸೆ ಸ್ಥಿತಿ ಅಡ್ಡಿಯಾಗುವುದಿಲ್ಲ. ದೂರು ಕೊಟ್ಟ ಕಾರಣಕ್ಕೆ ಮಾಲೀಕರು ಮನೆ ಬಿಡಿಸಲು ಹೊರಟರೆ ಅದು ಕಾನೂನುಬಾಹಿರ. ಪ್ರಾಮಾಣಿಕವಾಗಿ ದೂರು ಕೊಟ್ಟ ಒಂದು ವರ್ಷದೊಳಗೆ ಅಂಥ ಕ್ರಮ ಕೈಗೊಂಡರೆ ಅದು ಸೇಡಿನ ಕ್ರಮವೆಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಮಾಲೀಕರದು.

ಬಿಲ್ ಕಟ್ಟಲಾಗದಿದ್ದರೆ

ಮನೆಬಳಕೆಯ ಕರೆಂಟು ಮತ್ತು ಗ್ಯಾಸ್ ಗ್ರಾಹಕರಿಗೆ 1981ರಿಂದ ರಾಜ್ಯದ ಪ್ರತ್ಯೇಕ ಕಾನೂನಿನ ರಕ್ಷಣೆಯಿದೆ. ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಆ ರಕ್ಷಣೆ ಇನ್ನೂ ಬಿಗಿ. ಬಿಸಿಗೆ ಬೇಕಾದ ಸಂಪರ್ಕ ಕಡಿಯುವ 72 ಗಂಟೆ ಮೊದಲು ಮನೆಯ ವಯಸ್ಕರೊಬ್ಬರನ್ನು ಫೋನಿನಲ್ಲೋ ಖುದ್ದಾಗಿಯೋ ಸಂಪರ್ಕಿಸಲು ಕಂಪನಿ ಪ್ರಯತ್ನಿಸಬೇಕು. ಮನೆಯಲ್ಲಿ ಕಾಯಿಲೆಯವರಿದ್ದರೆ, ಸಂಪರ್ಕ ಕಡಿದರೆ ಜೀವಕ್ಕೆ ಅಪಾಯವೆಂದು ವೈದ್ಯರು ಬರೆದುಕೊಟ್ಟ ಪತ್ರ 30 ದಿನ ಕಾಪಾಡುತ್ತದೆ. ಅದನ್ನು ನವೀಕರಿಸಲೂ ಬರುತ್ತದೆ. ಆಕ್ಸಿಜನ್ ಯಂತ್ರದಂಥ ಜೀವರಕ್ಷಕ ಸಾಧನ ಬಳಸುವವರಿದ್ದರೆ ಚಳಿಗಾಲಕ್ಕೆ ಮುನ್ನವೇ ಕಂಪನಿಯಲ್ಲಿ ಹೆಸರು ನೋಂದಾಯಿಸಿ. ಕಡಿಮೆ ಆದಾಯದವರಿಗೆ 'ಹೀಪ್' ಎಂಬ ಇಂಧನ ನೆರವಿನ ಯೋಜನೆಯಿದೆ.

ಬಾಡಿಗೆಯಲ್ಲೇ ಕರೆಂಟಿನ ಹಣ ಸೇರಿದ್ದು, ಮಾಲೀಕರು ಕಂಪನಿಗೆ ಕಟ್ಟದೇ ಹೋದರೆ, ಬಾಡಿಗೆದಾರರು ತಾವೇ ಕಟ್ಟಿ ಆ ಮೊತ್ತವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. ರಸೀದಿ ಜೋಪಾನವಾಗಿರಲಿ.

ಮೂರು ದಿನ ಮೀರಿ ಕರೆಂಟು ಬಾರದಿದ್ದರೆ

2020ರ ಇಸಾಯಸ್ ಚಂಡಮಾರುತದಲ್ಲಿ ಲಕ್ಷಾಂತರ ಮನೆಗಳು ದಿನಗಟ್ಟಲೆ ಕತ್ತಲಲ್ಲಿ ಉಳಿದ ಮೇಲೆ ರಾಜ್ಯ ಪರಿಹಾರದ ಕಾನೂನು ತಂದಿತು. ವಿಶಾಲ ಪ್ರದೇಶದಲ್ಲಿ ಕರೆಂಟು ಹೋಗಿ 72 ಗಂಟೆ ಮೀರಿದರೆ, ಅಲ್ಲಿಂದಾಚೆಗಿನ ಪ್ರತಿ 24 ಗಂಟೆಗೆ 25 ಡಾಲರ್ ಬಿಲ್ಲಿನಲ್ಲಿ ಜಮಾ ಆಗಬೇಕು. ಫ್ರಿಜ್ಜಿನಲ್ಲಿ ಕೆಟ್ಟ ಆಹಾರದ ವಿವರವಾದ ಪಟ್ಟಿ ಕೊಟ್ಟರೆ 235 ಡಾಲರ್‌ವರೆಗೆ, ನಷ್ಟದ ಪುರಾವೆಯೂ ಇದ್ದರೆ 540 ಡಾಲರ್‌ವರೆಗೆ ಸಿಗುತ್ತದೆ. ಇನ್ಸುಲಿನ್‌ನಂತೆ ತಣ್ಣಗಿಡಬೇಕಾದ ಔಷಧಕ್ಕೂ ಪರಿಹಾರವಿದೆ. ಕೋರಿಕೆ ಸಲ್ಲಿಸಲು ಇರುವುದು 14 ದಿನ ಮಾತ್ರ. ತಾನು ವಿನಾಯಿತಿಗೆ ಅರ್ಹವೆಂದು ಕಂಪನಿ ರಾಜ್ಯದ ಸಾರ್ವಜನಿಕ ಸೇವಾ ಆಯೋಗದ ಮುಂದೆ ವಾದಿಸಬಹುದು. ಆದರೂ ನೀವು ಗಡುವು ತಪ್ಪಿಸಬೇಡಿ. ಕರೆಂಟು ಹೋದ ವೇಳೆ ಬರೆದಿಡಿ, ಆಹಾರ ಎಸೆಯುವ ಮೊದಲು ಫೋಟೊ ತೆಗೆಯಿರಿ.

ಕರೆಂಟಿಲ್ಲದಾಗ ಗ್ಯಾಸ್ ಒಲೆ, ಓವನ್ ಉರಿಸಿ ಮನೆ ಕಾಯಿಸಬೇಡಿ. ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲೇ ಇಡಿ. ಅವುಗಳ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಈ ಅನಿಲವನ್ನು ಗುರುತಿಸುವ ಡಿಟೆಕ್ಟರ್ ಮನೆಗಳಲ್ಲಿ ಇರಲೇಬೇಕೆಂದು 2010ರಲ್ಲಿ ಜಾರಿಗೆ ಬಂದ 'ಅಮಂಡಾ ಕಾಯ್ದೆ' ಹೇಳುತ್ತದೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಇವತ್ತೇ ಮಾಲೀಕರನ್ನು ಕೇಳಿ.

ಹಿಮ ಎತ್ತುವ ಹೊಣೆ

ಹಕ್ಕಿನ ಜೊತೆ ಕರ್ತವ್ಯವೂ ಇದೆ. ನ್ಯೂಯಾರ್ಕ್ ನಗರದಲ್ಲಿ ಸ್ವಂತ ಮನೆ ಕೊಂಡವರು ಮನೆಮುಂದಿನ ಪಾದಚಾರಿ ದಾರಿಯ ಹಿಮ ತೆಗೆಸಬೇಕು. ಬೆಳಗ್ಗೆ 7ರಿಂದ ಸಂಜೆ 5ರೊಳಗೆ ಹಿಮ ನಿಂತರೆ 4 ಗಂಟೆಯೊಳಗೆ; ಸಂಜೆ 5ರಿಂದ ರಾತ್ರಿ 9ರೊಳಗೆ ನಿಂತರೆ 14 ಗಂಟೆಯೊಳಗೆ; ಆಮೇಲೆ ನಿಂತರೆ ಮರುದಿನ ಬೆಳಗ್ಗೆ 11ರೊಳಗೆ. ಎತ್ತಿದ ಹಿಮವನ್ನು ರಸ್ತೆಗೆ ಸುರಿಯುವಂತಿಲ್ಲ. ಬಾಡಿಗೆದಾರರು ಈ ಕೆಲಸ ಯಾರದೆಂದು ಕರಾರುಪತ್ರದಲ್ಲಿ ನೋಡಿಕೊಳ್ಳಬೇಕು. ನಗರಾಡಳಿತದ ನಿರ್ಲಕ್ಷ್ಯದಿಂದ ಜಾರಿಬಿದ್ದು ಗಾಯವಾಗಿದ್ದರೆ ಪರಿಹಾರದ ನೋಟಿಸ್ ಕೊಡಲು 90 ದಿನಗಳ ಗಡುವಿದೆ.

ಈ ಎಲ್ಲ ನಿಯಮಗಳೂ ಗಂಟೆ, ಡಿಗ್ರಿ, ದಿನಾಂಕಗಳ ಮೇಲೆ ನಿಂತಿವೆ. ವೇಳೆ ಬರೆದಿಟ್ಟವರ ದೂರಿಗೆ ಬಲ ಹೆಚ್ಚು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೂ, ಮಕ್ಕಳ ಮನೆಗೆ ಬಂದಿರುವ ತಂದೆತಾಯಿಗಳಿಗೂ ಇದನ್ನು ಮೊದಲೇ ಹೇಳಿಕೊಡಿ. ಜೀವಕ್ಕೆ ಅಪಾಯವೆನಿಸಿದರೆ ಯಾವ ಅರ್ಜಿಗೂ ಕಾಯದೆ 911ಕ್ಕೆ ಕರೆ ಮಾಡಿ.