ರಾತ್ರಿ ಎದೆಯುರಿ: ಊಟದ ಹೊತ್ತನ್ನೂ ನೋಡಿ

ಪ್ರಶ್ನೆ: ನನಗೆ 43 ವರ್ಷ. ಮಲಗಿದ ಕೂಡಲೇ ಎದೆ ಉರಿಯುತ್ತದೆ, ಗಂಟಲಿಗೆ ಹುಳಿನೀರು ಬರುತ್ತದೆ. ಇಸಿಜಿ ನೋಡಿದ ಡಾಕ್ಟರು, ಹೃದಯಕ್ಕೇನೂ ಆಗಿಲ್ಲ, ಇದು ಆಸಿಡಿಟಿ ಎಂದರು. ಖಾರ, ಹುಳಿ ಬಿಟ್ಟು ಬರೀ ಮೊಸರನ್ನ ಉಣ್ಣುತ್ತಿದ್ದೇನೆ. ಎಲ್ಲರಿಗೂ ಬಡಿಸಿ ನಾನು ಉಣ್ಣುವಾಗ ಹತ್ತೂವರೆ, ಹನ್ನೊಂದಕ್ಕೆ ಮಲಗುತ್ತೇನೆ. ಮನೆಯವರು ‘ಎಲ್ಲ ನಿನ್ನ ಭ್ರಮೆ’ ಎನ್ನುತ್ತಾರೆ. ರಾತ್ರಿಯಾದರೆ ಭಯ.

ಉತ್ತರ: ಸಹೋದರಿ, ಇದು ಭ್ರಮೆಯಲ್ಲ. ಮನೆಯವರೆಲ್ಲ ನಿದ್ದೆಯಲ್ಲಿರುವಾಗ ಎದೆ ಹಿಡಿದುಕೊಂಡು ಒಬ್ಬರೇ ಎದ್ದು ಕೂತರೆ ಯಾರಿಗಾದರೂ ಭಯವಾಗುತ್ತದೆ. ಆ ಭಯಕ್ಕೆ ನಾಚಿಕೊಳ್ಳಬೇಡಿ. ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾದಾಗ ಜಠರದ ಆಮ್ಲ ಮೇಲಕ್ಕೆ ಬರುತ್ತದೆ. ಅದನ್ನು ತಡೆದುಕೊಳ್ಳುವ ಒಳಪದರ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ಉರಿಯುವುದು ಅದಕ್ಕೇ.

ಇಷ್ಟು ದಿನ ನೀವು ತಟ್ಟೆಯಿಂದ ಒಂದೊಂದನ್ನೇ ತೆಗೆಯುತ್ತ ಬಂದಿರಿ, ಊಟದ ಹೊತ್ತನ್ನು ಮಾತ್ರ ಬದಲಿಸಲಿಲ್ಲ. ಹೊಟ್ಟೆ ತುಂಬಿದ ಕೂಡಲೇ ಮಲಗಿದರೆ ಮೊಸರನ್ನ ಉಂಡವರಿಗೂ ಉರಿ ತಪ್ಪದು. ಊಟಕ್ಕೂ ಹಾಸಿಗೆಗೂ 3 ಗಂಟೆ ಅಂತರವಿರಲಿ. ಅಂದರೆ ಎಂಟಕ್ಕೆ ನೀವು ಉಂಡಿರಬೇಕು. ಎಲ್ಲರಿಗಿಂತ ಮೊದಲು ತಾನು ಉಣ್ಣುವುದು ಹೇಗೆ ಎಂಬ ಸಂಕೋಚ ನಿಮ್ಮಂಥ ಎಷ್ಟೋ ಹೆಣ್ಣುಮಕ್ಕಳಿಗಿದೆ. ಮೊದಲು ಉಣ್ಣುವುದು ಸ್ವಾರ್ಥವಲ್ಲ, ಚಿಕಿತ್ಸೆಯ ಭಾಗ. ಮನೆಯವರು ಬೇಕೆಂದು ನಿಮ್ಮ ಊಟ ತಡಮಾಡಿಸಿರಲಾರರು, ಗಮನಿಸಿಲ್ಲ ಅಷ್ಟೆ. ತಡವಾಗಿ ಬಂದವರು ತಾವೇ ಬಡಿಸಿಕೊಳ್ಳಲಿ ಎಂದು ಸಮಾಧಾನವಾಗಿಯೇ ಹೇಳಿ. ಒಪ್ಪದಿದ್ದರೆ ಈ ಉತ್ತರವನ್ನೇ ಓದಿ ಹೇಳಿ.

ಖಾರ, ಹುಳಿ ಪೂರ್ತಿ ಬಿಡಬೇಕೆಂದೇನಿಲ್ಲ. ಒಬ್ಬರಿಗೆ ಆಗದ್ದು ಇನ್ನೊಬ್ಬರಿಗೆ ಆಗುತ್ತದೆ. ಹದಿನೈದು ದಿನ ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ತಿಂದ ಹೊತ್ತು, ಉರಿ ಬಂದ ಹೊತ್ತು ಬರೆದಿಡಿ. ಕರಿದ ತಿಂಡಿ, ಕಾಫಿ, ಟೊಮೆಟೊ ಸಾರು, ಪುದೀನ ಇವುಗಳಲ್ಲಿ ನಿಮಗೆ ಯಾವುದು ಆಗುವುದಿಲ್ಲ ಎಂದು ಗೊತ್ತಾದರೆ ಅದನ್ನಷ್ಟೇ ಬಿಡಿ. ರಾತ್ರಿಗೆ ಇಡ್ಲಿಯೋ ಹೆಸರುಬೇಳೆ ತೊವ್ವೆ ಅನ್ನವೋ ಸಾಕು, ಅದೂ ಮಿತವಾಗಿ. ಹಾಲು ಕುಡಿದಾಗ ತಂಪೆನಿಸಿದರೂ ಆಮೇಲೆ ಆಮ್ಲ ಹೆಚ್ಚಬಹುದು.

ಸೀರೆ ಉಡುವವರಾದರೆ ಲಂಗದ ಲಾಡಿಯನ್ನು ಸ್ವಲ್ಪ ಸಡಿಲಿಸಿ. ಬಿಗಿದ ಲಾಡಿ ಹೊಟ್ಟೆಯನ್ನು ಒತ್ತಿ ಆಮ್ಲವನ್ನು ಮೇಲಕ್ಕೆ ತಳ್ಳುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ 6 ಇಂಚಿನ ಗಟ್ಟಿ ಮರದ ತುಂಡು ಇಡಿಸಿ, ಎಡಮಗ್ಗುಲಿಗೆ ಮಲಗಿ. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ ನೋಯುತ್ತದೆ, ಉರಿ ನಿಲ್ಲುವುದಿಲ್ಲ.

ಮೆಡಿಕಲ್ ಶಾಪಿನಿಂದ ನೀವಾಗಿಯೇ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಬೇಡಿ. ಕೆಲವು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಮತ್ತೆ ಹೋಗಿ. ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ಕಾಯಲೇಬೇಡಿ. ಮಲ ಡಾಂಬರಿನಂತೆ ಕಪ್ಪಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಇನ್ನೊಂದು ಮಾತು ನಿಮಗೂ, ಇದನ್ನು ಓದುತ್ತಿರುವ ಎಲ್ಲರಿಗೂ: ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ, ಹಿಂದೆ ಇಸಿಜಿ ಸರಿಯಿತ್ತು ಎಂದು ಸುಮ್ಮನಿರಬೇಡಿ, ಗ್ಯಾಸ್ ಎಂದು ಸೋಡಾ ಕುಡಿಯುತ್ತ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.