ಬಂಡಿಯ ಪಾವ್ ತಿನ್ನುವ ಮುನ್ನ

ಸಂಜೆಯಾಯಿತೆಂದರೆ ಔರಾದ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಕಾದ ಎಣ್ಣೆಯ ವಾಸನೆ ಹರಡುತ್ತದೆ. ಮೊದಲು ಮಿರ್ಚಿ ಭಜಿ, ಸುಸಲಾ ಮಾರುತ್ತಿದ್ದಂಥ ಬಂಡಿಗಳಲ್ಲಿ ಈಗ ವಡಾಪಾವ್, ಸ್ಯಾಂಡ್‌ವಿಚ್‌ಗಳೂ ಬಂದಿವೆ. ಗಡಿ ತಾಲ್ಲೂಕಿನಲ್ಲಿ ಇದು ಸಹಜವೇ. ಒಂದು ಕಡೆ ಮಹಾರಾಷ್ಟ್ರದ ಉದಗೀರ, ದೇಗಲೂರು, ಇನ್ನೊಂದು ಕಡೆ ತೆಲಂಗಾಣ. ಜನರ ಜೊತೆಗೆ ತಿಂಡಿಯೂ ಓಡಾಡುತ್ತದೆ.

ಪಾವ್ ಎಂಬ ಹೆಸರೇ ಪೋರ್ಚುಗೀಸರದು. ಅವರು ಗೋವಾಕ್ಕೆ ತಂದ ಬ್ರೆಡ್ಡು ಮುಂಬೈ ಸೇರಿ, 1966ರ ಸುಮಾರಿಗೆ ದಾದರ ಸ್ಟೇಷನ್ನಿನ ಹೊರಗೆ ಆಲೂ ವಡೆಯ ಜೊತೆಗೂಡಿತೆಂದು ಹೇಳುತ್ತಾರೆ. ದೂರದ ಫಿಲಿಪ್ಪೀನ್ಸ್‌ನಲ್ಲಿಯೂ ಇಂಥದೇ ಕಥೆ. ಸ್ಪೇನ್ ದೇಶದವರ ಆಳ್ವಿಕೆಯಿಂದ ಉಳಿದುಬಂದ ‘ಪಾಂದೆಸಾಲ್’ ಎಂಬ ಪುಟ್ಟ ಬನ್ನಿನೊಳಗೆ ಅಲ್ಲಿಯವರು ‘ಅದೋಬೋ’ ಇಟ್ಟುಕೊಂಡು ತಿನ್ನುವುದುಂಟು. ಅದೋಬೋ ಎಂದರೆ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ ಹಾಕಿ ಬೇಯಿಸಿದ ಮಾಂಸ. ಆ ವಿನೆಗರ್ ರುಚಿಗಾಗಿ ಮಾತ್ರವಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ, ಸೆಕೆಯ ನಾಡಿನಲ್ಲಿ, ಹುಳಿಯೇ ಮಾಂಸ ಬೇಗ ಕೆಡದಂತೆ ಕಾಯುತ್ತಿತ್ತು. ಹುಳಿ ಹೆಚ್ಚಿದ್ದಲ್ಲಿ ಬಹುಪಾಲು ರೋಗಾಣುಗಳು ಬೆಳೆಯಲಾರವು. ನಮ್ಮ ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯುವುದಕ್ಕೆ ಉಪ್ಪಿನ ಜೊತೆಗೆ ಈ ಹುಳಿಯೂ ಕಾರಣ.

ಹೊಸ ತಿಂಡಿಯ ಬಂಡಿಯ ಮುಂದೆ ನಿಂತಾಗ ಈ ವಿಷಯ ನೆನಪಿರಲಿ. ನಮ್ಮಲ್ಲಿ ಅನೇಕರು ಹೆದರುವುದು ವಡೆಗೆ. ಹೊಟ್ಟೆ ಕೆಟ್ಟರೆ ‘ಎಣ್ಣೆ ಪದಾರ್ಥ ತಿಂದೆ, ಅದಕ್ಕೇ ಹೀಗಾಯಿತು’ ಎನ್ನುತ್ತಾರೆ. ಆದರೆ ಕುದಿಯುವ ಎಣ್ಣೆಯಿಂದ ನಿಮ್ಮ ಕಣ್ಣೆದುರಿಗೇ ಎತ್ತಿದ ವಡೆಯಲ್ಲಿ ಜೀವಂತ ರೋಗಾಣು ಉಳಿದಿರುವ ಸಂಭವ ಬಹಳ ಕಡಿಮೆ. ವಾಂತಿಭೇದಿ ತರುವುದು ಹೆಚ್ಚಾಗಿ ಅದರ ಸುತ್ತಲಿನ ತಣ್ಣನೆಯ, ಒದ್ದೆಯಾದ, ಬೆಂಕಿ ಕಾಣದ ವಸ್ತುಗಳು. ನೀರು ಬೆರೆಸಿ ಅರೆದ ಹಸಿರು ಚಟ್ನಿ, ಬೆಳಿಗ್ಗೆಯೇ ಹೆಚ್ಚಿಟ್ಟ ಈರುಳ್ಳಿ ಮತ್ತು ಸೌತೆಕಾಯಿ, ಬೇಯಿಸಿ ಕಲಸಿ ಮುಚ್ಚದೆ ಇಟ್ಟ ಆಲೂಗಡ್ಡೆ, ಡಬ್ಬಿಯಲ್ಲಿ ತೆರೆದಿಟ್ಟ ಮಯೊನೈಸ್. ಇವುಗಳ ಮೇಲೆ ಕಣ್ಣಿಡಿ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ರೋಗಾಣುಗಳಿಗೆ ಹಬ್ಬವಿದ್ದಂತೆ. ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ಮುಟ್ಟುವ ದಿನಗಳಿರುವಾಗ ಎರಡು ಗಂಟೆಯೂ ಹೆಚ್ಚೇ. ಇನ್ನೊಂದು ಮಾತು. ಬೆರಳ ಮೇಲಿನ ಕುರುವಿನಿಂದ ಅಥವಾ ಮೂಗಿನಿಂದ ಆಹಾರಕ್ಕೆ ಸೇರುವ ‘ಸ್ಟೆಫೈಲೊಕಾಕಸ್’ ಎಂಬ ರೋಗಾಣು ಅಲ್ಲಿ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೆ ರೋಗಾಣು ಸಾಯುತ್ತದೆಯೇ ಹೊರತು ಆ ವಿಷ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ಜೋರಾಗಿ ವಾಂತಿ ಶುರುವಾದರೆ ಇದೇ ಕಾರಣವಿರಬಹುದು. ಹೀಗಾಗಿ, ಮಧ್ಯಾಹ್ನವೇ ಕರಿದಿಟ್ಟ ವಡೆಯನ್ನು ಸಂಜೆ ಮತ್ತೊಮ್ಮೆ ಎಣ್ಣೆಗೆ ಬಿಟ್ಟು ಕೊಡುವ ಬಂಡಿಗಿಂತ, ಸ್ವಲ್ಪ ಕಾಯಿಸಿದರೂ ಆಗತಾನೇ ಕರಿದು ಕೊಡುವ ಬಂಡಿ ಎಷ್ಟೋ ವಾಸಿ. ಗಿರಾಕಿಗಳ ನೂಕುನುಗ್ಗಲು ಇರುವ ಬಂಡಿಯಲ್ಲಿ ಮಾಲು ಹೆಚ್ಚು ಹೊತ್ತು ಕೂರುವುದಿಲ್ಲ, ಅದೂ ಒಳ್ಳೆಯ ಗುರುತೇ.

ಹಸಿ ಮೊಟ್ಟೆಯಿಂದ ಮಾಡಿದ ಮಯೊನೈಸ್ ಬಗ್ಗೆ ವಿಶೇಷ ಎಚ್ಚರ ಬೇಕು. ಅದರಲ್ಲಿ ‘ಸಾಲ್ಮೊನೆಲ್ಲಾ’ ಇದ್ದರೆ ಜ್ವರ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ನಮ್ಮ ನೆರೆಯ ತೆಲಂಗಾಣ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಇಂಥ ಮಯೊನೈಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತ್ತು. ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಅದನ್ನು ಕೊಡದಿರುವುದೇ ಲೇಸು. ಹುಣಸೆಹಣ್ಣಿನ ಗಟ್ಟಿ ಚಟ್ನಿ ಅಥವಾ ಒಣ ಬೆಳ್ಳುಳ್ಳಿ ಪುಡಿ ಹಾಕಿಸಿಕೊಂಡರೆ ರುಚಿಗೂ ಮೋಸವಿಲ್ಲ, ಭಯವೂ ಕಡಿಮೆ.

ಎಣ್ಣೆಯನ್ನು ನಾನು ಪೂರ್ತಿ ನಿರ್ದೋಷಿ ಎನ್ನುತ್ತಿಲ್ಲ. ಅದರ ಕೇಡು ಅಂದೇ ಕಾಣದು, ವರ್ಷಗಳ ಮೇಲೆ ಹೃದಯದಲ್ಲಿ, ರಕ್ತನಾಳಗಳಲ್ಲಿ ಕಾಣುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಏಳುತ್ತದೆ, ಬೇಗ ಹೊಗೆಯಾಡುತ್ತದೆ. ಹಾಗೆ ಕೆಟ್ಟ ಎಣ್ಣೆಯ ಬಳಕೆಗೆ 2018ರ ಜುಲೈನಿಂದ ಕಾನೂನಿನ ಮಿತಿಯೂ ಇದೆ. ಬಾಣಲೆಯ ತಳ ಕಾಣದಷ್ಟು ಎಣ್ಣೆ ಕಪ್ಪಾಗಿದ್ದರೆ ಮುಂದಿನ ಬಂಡಿ ನೋಡಿ. ಸಕ್ಕರೆ ಕಾಯಿಲೆಯವರಿಗೆ ಮೈದಾದ ಪಾವಿನೊಳಗೆ ಆಲೂಗಡ್ಡೆ ಎಂದರೆ ಪಿಷ್ಟದ ಮೇಲೆ ಪಿಷ್ಟ. ಬಾಯಿ ರುಚಿಗೆ ಒಂದು ಸಾಕು, ಅದನ್ನೇ ರಾತ್ರಿಯ ಊಟ ಮಾಡಿಕೊಳ್ಳಬೇಡಿ, ಮನೆಯಲ್ಲಿ ಜೋಳದ ರೊಟ್ಟಿ, ಪಲ್ಯ ಇದ್ದೇ ಇರುತ್ತದಲ್ಲ!

ಕಟ್ಟಿಕೊಡುವ ಕಾಗದವೂ ಮುಖ್ಯ. ಮುದ್ರಣದ ಮಸಿಯಲ್ಲಿರುವ ರಾಸಾಯನಿಕಗಳು ಬಿಸಿ ಎಣ್ಣೆಯ ತಿಂಡಿಗೆ ಅಂಟುತ್ತವೆ. ಪತ್ರಿಕೆಯಲ್ಲಿ ತಿಂಡಿ ಕಟ್ಟುವುದು ಕಾನೂನಿಗೂ ವಿರುದ್ಧ. ನಿಮ್ಮ ಕೈಯಲ್ಲಿರುವ ಈ ಪತ್ರಿಕೆ ಓದುವುದಕ್ಕೆ ಇರಲಿ. ಮನೆಯಿಂದ ಒಂದು ಸ್ಟೀಲ್ ಡಬ್ಬಿ ಒಯ್ದರೆ ಯಾರೂ ನಗುವುದಿಲ್ಲ.

ಇಷ್ಟಾಗಿಯೂ ಮಗುವಿಗೆ ವಾಂತಿಭೇದಿಯಾದರೆ ಮೊದಲು ಬೇಕಾದದ್ದು ಭೇದಿ ನಿಲ್ಲಿಸುವ ಗುಳಿಗೆಯಲ್ಲ. ಚಿಕ್ಕ ಮಕ್ಕಳಿಗೆ ಅಂಥ ಗುಳಿಗೆ ಅಪಾಯಕಾರಿ. ಕಳೆದುಹೋದ ನೀರು, ಲವಣಗಳನ್ನು ತುಂಬಿಕೊಡಿ. ಓಆರ್‌ಎಸ್ ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಿ. ಇಲ್ಲವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಹಾಕಿ. ಉಪ್ಪು ಹೆಚ್ಚಾಗಲೇಬಾರದು. ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕಲಸಿದ ನೀರನ್ನು 24 ಗಂಟೆಯ ನಂತರ ಚೆಲ್ಲಿಬಿಡಿ.

ಕಣ್ಣು ಗುಳಿಬಿದ್ದರೆ, ಆರು ಗಂಟೆಯಾದರೂ ಮೂತ್ರವಾಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಕುಡಿಯಲೂ ಒಲ್ಲದಿದ್ದರೆ ಬೆಳಗಾಗಲೆಂದು ಕಾಯಬೇಡಿ. ಆ ಹೊತ್ತಿನಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಆ ನೀರನ್ನು ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ. ಮಗುವಿಗೆ ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ.