ಮಲಗಿ ಎದ್ದರೂ ಹೋಗದ ಸುಸ್ತು

ಆರೋಗ್ಯವಂತರ 100 ಮಿಲಿಲೀಟರ್ ರಕ್ತದಲ್ಲಿ 12ರಿಂದ 16 ಗ್ರಾಂ ಹಿಮೋಗ್ಲೋಬಿನ್ ಇರುತ್ತದೆ ಎಂದು ಪ್ರಥಮ ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಖಾಲಾ ಅವರ ರಕ್ತಪರೀಕ್ಷೆಯ ವರದಿಯಲ್ಲಿ 8.6 ಎಂದು ನೋಡಿದ ದಿನ ಆ ಸಂಖ್ಯೆಯ ಅರ್ಥ ನನಗೆ ತಿಳಿಯಿತು.

ಅವರಿಗೆ ಸ್ತನ ಕ್ಯಾನ್ಸರ್. ಆಗ ಕೀಮೋಥೆರಪಿ ನಡೆಯುತ್ತಿತ್ತು. ಬೇಗ ಬೇಗ ವಿಭಜನೆಯಾಗುವ ಕೋಶಗಳನ್ನು ಕೊಲ್ಲುವುದು ಈ ಔಷಧಿಗಳ ಕೆಲಸ. ಆದರೆ ಕೆಂಪು ರಕ್ತಕಣ ತಯಾರಾಗುವ ಮೂಳೆಮಜ್ಜೆಯ ಕೋಶಗಳೂ ಹಾಗೆಯೇ ವಿಭಜನೆಯಾಗುತ್ತವೆ, ಅವಕ್ಕೂ ಪೆಟ್ಟು ಬೀಳುತ್ತದೆ. ಕಣ ಕಡಿಮೆಯಾದರೆ ಆಮ್ಲಜನಕ ಕಡಿಮೆ, ಆಮ್ಲಜನಕ ಕಡಿಮೆಯಾದರೆ ಸ್ನಾಯುಗಳಲ್ಲಿ ಎಟಿಪಿ ಕಡಿಮೆ. ಸುಸ್ತಿಗೆ ಇಷ್ಟೇ ಕಾರಣ ಎಂದುಕೊಂಡಿದ್ದೆ.

ಚಿಕಿತ್ಸೆ ಮುಗಿಯಿತು, ಕೂದಲು ಬಂತು, ಹಿಮೋಗ್ಲೋಬಿನ್ 12 ದಾಟಿತು. ಸುಸ್ತು ಮಾತ್ರ ಹೋಗಲಿಲ್ಲ. "ಎಲ್ಲಾ ಮುಗೀತಲ್ಲ, ಇನ್ನೂ ಯಾಕೆ ಮಲಗಿದ್ದಾರೆ?" ಎಂದು ಬಂದವರು ಕೇಳುತ್ತಿದ್ದರು. ಒಂದು ದಿನ ನಾನೂ ಅದನ್ನೇ ಕೇಳಿಬಿಟ್ಟೆ. "ಏಳಬೇಕು ಅಂತಾನೇ ಇದೆ ಬೇಟಾ, ಕೈಕಾಲು ನನ್ನವಲ್ಲ ಅನ್ಸುತ್ತೆ" ಎಂದರು. ಮುಖ ಆ ಕಡೆ ತಿರುಗಿಸಿಕೊಂಡರು. ಆ ನಾಚಿಕೆಯಿಂದಲೇ ಈ ವಿಷಯ ಓದಲು ಕೂತೆ.

ಓದಿ ತಿಳಿದದ್ದು ಇದು. ಕ್ಯಾನ್ಸರಿನ ಆಯಾಸ ನಮ್ಮ ಆಯಾಸದಂತಲ್ಲ. ನಾವು ಆಟವಾಡಿ ದಣಿದರೆ ನಿದ್ದೆಯಿಂದ ಸರಿಹೋಗುತ್ತದೆ, ಇದು ಹೋಗುವುದಿಲ್ಲ. ಮಾಡಿದ ಕೆಲಸಕ್ಕೂ ಬರುವ ಸುಸ್ತಿಗೂ ಲೆಕ್ಕ ಕೂಡುವುದಿಲ್ಲ. ಕೆಲವರಲ್ಲಿ ಚಿಕಿತ್ಸೆ ಮುಗಿದ ಮೇಲೂ ತಿಂಗಳು, ವರ್ಷಗಟ್ಟಲೆ ಉಳಿಯುತ್ತದೆ. ದೇಹದಲ್ಲಿ ಉರಿಯೂತ ಹುಟ್ಟಿಸುವ ಸೈಟೊಕೈನ್‌ಗಳು, ಕರಗಿದ ಸ್ನಾಯು, ನೋವು, ಕೆಟ್ಟ ನಿದ್ದೆ, ಖಿನ್ನತೆ, ಥೈರಾಯ್ಡ್ ಕೊರತೆ ಎಲ್ಲವೂ ಇದರಲ್ಲಿ ಸೇರಿಕೊಂಡಿರಬಹುದು. ಆದ್ದರಿಂದ ಮೊದಲು ವೈದ್ಯರಿಗೆ ಹೇಳಬೇಕು. ರಕ್ತಹೀನತೆ, ಥೈರಾಯ್ಡ್ ಇದ್ದರೆ ಔಷಧಿ ಇದೆ. ನೆಂಟರು ತಂದುಕೊಟ್ಟ ಮೂರು ಬಾಟಲಿ ಟಾನಿಕ್ ನಮ್ಮ ಶೆಲ್ಫಿನಲ್ಲಿ ಹಾಗೇ ಇವೆ.

ನನಗೆ ನಂಬಲು ಕಷ್ಟವಾದದ್ದು ವ್ಯಾಯಾಮದ ವಿಷಯ. ಸುಸ್ತಾದವರನ್ನು ನಡೆಸುವುದೇ? ಆದರೆ 113 ಅಧ್ಯಯನಗಳನ್ನು, ಅಂದರೆ 11 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ವ್ಯಾಯಾಮ ಮತ್ತು ಮನೋಚಿಕಿತ್ಸೆ ಔಷಧಿಗಳಿಗಿಂತ ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂತು. ಅದೇ ವರ್ಷ ಪ್ರಕಟವಾದ ಬೆಂಗಳೂರಿನ ಅಧ್ಯಯನವೂ ಒಂದಿದೆ. ದೇಹದ ಬೇರೆ ಭಾಗಗಳಿಗೂ ಹರಡಿದ್ದ ಸ್ತನ ಕ್ಯಾನ್ಸರಿನ 91 ಮಹಿಳೆಯರಲ್ಲಿ ಒಂದು ಗುಂಪಿಗೆ ಮೂರು ತಿಂಗಳು ಯೋಗ, ಇನ್ನೊಂದಕ್ಕೆ ಸಮಾಲೋಚನೆ ಕೊಟ್ಟರು. ಯೋಗ ಮಾಡಿದವರ ಆಯಾಸ ಹೆಚ್ಚು ಇಳಿಯಿತು. ಸುಮ್ಮನೆ ಮಲಗಿದಷ್ಟೂ ಸ್ನಾಯು ಕರಗುತ್ತದೆ, ಆಮೇಲೆ ಸಣ್ಣ ಕೆಲಸಕ್ಕೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಹಾಗಂತ ಎಲ್ಲರೂ ಒಮ್ಮೆಲೇ ಶುರು ಮಾಡುವಂತಿಲ್ಲ. ಮೂಳೆಗೆ ಕ್ಯಾನ್ಸರ್ ಹರಡಿದವರು, ಪ್ಲೇಟ್‌ಲೆಟ್ ಕಡಿಮೆ ಇರುವವರು ವೈದ್ಯರನ್ನು ಕೇಳಿಯೇ ಮಾಡಬೇಕು. ಜ್ವರ, ಏದುಸಿರು, ಎದೆನೋವು ಬಂದರೆ ಅದು ಬರೀ ಸುಸ್ತಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ನನ್ನ ಹಳೆಯ ರೆಕಾರ್ಡ್ ಪುಸ್ತಕದ ಉಳಿದ ಹಾಳೆಗಳಲ್ಲಿ ಸುಸ್ತಿಗೆ ದಿನವೂ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯತೊಡಗಿದೆವು. ನಾಲ್ಕರಿಂದ ಆರು ಮಧ್ಯಮ, ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ಎರಡು ವಾರದಲ್ಲಿ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಅವರ ಒಳ್ಳೆಯ ಹೊತ್ತು ಎಂದು ಗೊತ್ತಾಯಿತು. ಇಷ್ಟವಾದ ಕೆಲಸ ಆಗಲೇ. ತರಕಾರಿ ಹೆಚ್ಚುವುದು ಕುರ್ಚಿಯಲ್ಲಿ ಕೂತು. ಬಟ್ಟೆ ಒಗೆಯುವುದು, ಮಾಳಿಗೆಗೆ ಹತ್ತುವುದು ನಮ್ಮ ಪಾಲು. ಜೊಹರ್ ನಮಾಜಿನ ನಂತರ ಅರ್ಧ ಗಂಟೆಯಷ್ಟೇ ನಿದ್ದೆ, ಹೆಚ್ಚಾದರೆ ರಾತ್ರಿ ನಿದ್ದೆ ಹಾಳು. ರಂಜಾನ್ ಉಪವಾಸ ತಪ್ಪಿತೆಂದು ಅವರು ಅತ್ತಿದ್ದರು. ಕಾಯಿಲೆಯವರು ಉಪವಾಸವನ್ನು ಮುಂದಕ್ಕೆ ಇಡಬಹುದು, ಕೂತು ನಮಾಜ್ ಮಾಡಬಹುದು ಎಂದು ನಾನಿ ನೆನಪಿಸಿದ ಮೇಲೆ ಸಮಾಧಾನವಾಯಿತು.

ನಡಿಗೆ ಗೇಟಿನಿಂದ ಶುರುವಾಯಿತು, ಐದು ನಿಮಿಷ. ಈಗ ಕುವೆಂಪುನಗರ ಕಾಂಪ್ಲೆಕ್ಸ್‌ವರೆಗೆ ಹೋಗಿ ಬರುತ್ತಾರೆ. ಕೆಲವು ದಿನ ಗೇಟಿನ ಹತ್ತಿರವೇ ನಿಂತು ಹಿಂತಿರುಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಅಂಕವನ್ನು ಈಗ ಅವರೇ ಬರೆಯುತ್ತಾರೆ. ಕಳೆದ ಭಾನುವಾರ ನಾಲ್ಕು ಇತ್ತು.